ಓ.ಡಿ. ಅಂದರೆ ಎಂತ? ದಯವಿಟ್ಟು ಪೂರ್ತಿ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಅಕ್ಕನ ಬಲಗಣ್ಣಿನ ಪೊರೆ ತೆಗೆಸಿದೆವು. ಅಕ್ಕನಿಗೆ 74 ವರ್ಷ, ಮನೆ ಹಿರಿಯಡ್ಕದ ಕಡೆ. ಆಪರೇಶನ್ ಚೆನ್ನಾಗಿಯೇ ಆಯಿತು. ಮರುದಿನ ಪಟ್ಟಿ ಬಿಚ್ಚಿ, ಕಣ್ಣು ನೋಡಿ, ಒಂದು ಕಾಗದ ಕೊಟ್ಟು, ವಾರ ಬಿಟ್ಟು ಬನ್ನಿ ಅಂತ ಕಳಿಸಿದರು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿನವರು ಒಳ್ಳೆಯವರೇ, ಅಕ್ಕನನ್ನು ಮನೆಯವರ ಹಾಗೆ ನೋಡಿಕೊಂಡರು. ನಾನು ಬರೆಯುತ್ತಿರುವುದು ಆ ಕಾಗದದ ಬಗ್ಗೆ.

ಕಾಗದದಲ್ಲಿ ಇದ್ದದ್ದು ಎರಡೇ ಸಾಲು, ಎರಡೂ ಇಂಗ್ಲಿಷಿನಲ್ಲಿ. ಮೊದಲನೆಯ ಸಾಲಿನಲ್ಲಿ ಕಣ್ಣಿಗೆ ಬಿಡುವ ಮದ್ದಿನ ಹೆಸರು, ಅದರ ಮುಂದೆ ‘1 ಡ್ರಾಪ್, ಓ.ಡಿ., ಕ್ಯೂ 4 ಎಚ್’. ಎರಡನೆಯ ಸಾಲಿನಲ್ಲಿ ಒಂದು ಮಾತ್ರೆಯ ಹೆಸರು, ಅದರ ಮುಂದೆಯೂ ‘ಓ.ಡಿ.’. ಅಕ್ಕನ ಸೊಸೆ ಮೆಡಿಕಲ್‌ನಲ್ಲಿ ಮಾತ್ರೆ ತೋರಿಸಿ ಕೇಳಿದಳು. ಅಂಗಡಿಯವರು ‘ಓ.ಡಿ. ಅಂದ್ರೆ ದಿನಕ್ಕೊಂದು’ ಅಂದರು. ಸರಿಯಾಗಿಯೇ ಹೇಳಿದರು. ಮನೆಗೆ ಬಂದು ನೋಡಿದರೆ ಮೇಲಿನ ಸಾಲಿನಲ್ಲೂ ಅದೇ ಎರಡು ಅಕ್ಷರ. ಹಾಗಾದರೆ ಡ್ರಾಪ್ಸ್ ಕೂಡ ದಿನಕ್ಕೊಂದೇ ಸಲ ಅಂತ ಅವಳು ತಿಳಿದುಕೊಂಡಳು. ಯಾರೇ ಆದರೂ ಹಾಗೆಯೇ ತಿಳಿದುಕೊಳ್ಳುತ್ತಾರೆ, ಅಲ್ವಾ? ಮುಂದಿದ್ದ ಕ್ಯೂ 4 ಎಚ್ ಅವಳಿಗೆ ಅರ್ಥವಾಗಲಿಲ್ಲ, ಮದ್ದಿನ ನಂಬರೋ ಏನೋ ಅಂದುಕೊಂಡಳು.

ಆದರೂ ಅವಳಿಗೆ ಒಂದು ಸಂಶಯ ಉಳಿದಿತ್ತು. ರಾತ್ರಿ ನನಗೆ ಫೋನ್ ಮಾಡಿದಳು. ‘ಮಾವ, ಈ ಓ.ಡಿ. ಅಂದ್ರೆ ಎಂತ?’ ಅಂತ ಕೇಳಿದಳು. ನಾನು 33 ವರ್ಷ ಬ್ಯಾಂಕಿನಲ್ಲಿ ಇದ್ದವನು. ನನಗೆ ಗೊತ್ತಿದ್ದದ್ದು ಓವರ್‌ಡ್ರಾಫ್ಟ್. ಅದು ಇಲ್ಲಿಗೆ ಹೊಂದುವುದಿಲ್ಲ ಅಂತ ಗೊತ್ತಾಯಿತು, ಮೆಡಿಕಲ್‌ನವರು ಹೇಳಿದ ಹಾಗೆ ಮಾಡಿ ಅಂದುಬಿಟ್ಟೆ. ಆ ಮಾತು ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಅಷ್ಟರಲ್ಲಿ ಪಿಯುಸಿ ಓದುವ ಮೊಮ್ಮಗ ಮೊಬೈಲಿನಲ್ಲಿ ಹುಡುಕಿದ. ಅವನಿಗೆ ಮೊದಲು ಸಿಕ್ಕಿದ ಅರ್ಥ ಓವರ್‌ಡೋಸ್, ಅಂದರೆ ಮದ್ದು ಅತಿಯಾಗಿ ಜೀವಕ್ಕೆ ಕುತ್ತಾಗುವುದು. ಅದನ್ನು ನೋಡಿದ ಮೇಲೆ ಮನೆಯವರೆಲ್ಲ ಹೆದರಿಬಿಟ್ಟರು. ದಿನಕ್ಕೆ ಒಂದು ಹನಿಗಿಂತ ಜಾಸ್ತಿ ಬಿಡಲೇಬಾರದು ಅಂತ ತೀರ್ಮಾನವಾಯಿತು.

ಐದನೇ ದಿನ ಅಕ್ಕನ ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಕು ನೋಡಲಿಕ್ಕೆ ಆಗುತ್ತಿರಲಿಲ್ಲ. ವಾರ ಕಾಯದೆ ಆಸ್ಪತ್ರೆಗೆ ಓಡಿದೆವು. ‘ಮದ್ದು ಎಷ್ಟು ಸಲ ಬಿಡ್ತಿದ್ದೀರಿ?’ ಅಂತ ಡಾಕ್ಟರ್ ಕೇಳಿದರು. ಸೊಸೆ ‘ಒಂದು ಸಲ’ ಅಂದಳು. ಡಾಕ್ಟರು ಕಾಗದ ತೆಗೆದು ನೋಡಿದರು, ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಮೇಲಿನ ಸಾಲಿನ ಓ.ಡಿ. ಅಂದರೆ ಬಲಗಣ್ಣು. ಕ್ಯೂ 4 ಎಚ್ ಅಂದರೆ ನಾಲ್ಕು ಗಂಟೆಗೊಮ್ಮೆ. ಕೆಳಗಿನ ಸಾಲಿನ ಓ.ಡಿ. ಅಂದರೆ ದಿನಕ್ಕೊಮ್ಮೆ. ಒಂದೇ ಕಾಗದ, ಒಂದೇ ಕೈಬರಹ, ಎರಡು ಸಾಲಿನ ನಡುವೆ ಒಂದು ಬೆರಳಿನಷ್ಟು ಜಾಗ. ಅಷ್ಟರೊಳಗೆ ಅದೇ ಎರಡು ಅಕ್ಷರಕ್ಕೆ ಅರ್ಥ ಬದಲಾಗಿತ್ತು.

ಅಕ್ಕನ ಕಣ್ಣು ಈಗ ಸರಿಯಿದೆ. ಎರಡು ವಾರ ಜಾಸ್ತಿ ಮದ್ದು ಬಿಡಬೇಕಾಯಿತು, ಅಷ್ಟೆ. ಆದರೆ ಆ ಐದು ದಿನದ ಹೆದರಿಕೆ ಇನ್ನೊಂದು ಮನೆಗೆ ಬರಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಇದಾದ ಮೇಲೆ ನಾನು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ಈ ಓ.ಡಿ. ಎಲ್ಲೆಲ್ಲಿ ಕಾಣುತ್ತದೆ ಅಂತ ಬರೆಯುತ್ತಾ ಹೋದೆ. ಕಣ್ಣಿನ ಡಾಕ್ಟರರ ಓ.ಡಿ. ಲ್ಯಾಟಿನ್ ಭಾಷೆಯ ಆಕ್ಯುಲಸ್ ಡೆಕ್ಸ್‌ಟರ್, ಬಲಗಣ್ಣು. ಎಡಗಣ್ಣಿಗೆ ಓ.ಎಸ್., ಎರಡೂ ಕಣ್ಣಿಗೆ ಓ.ಯು. ಮಾತ್ರೆಯ ಓ.ಡಿ. ಕೂಡ ಲ್ಯಾಟಿನ್ನೇ, ಆಮ್ನಿ ಡಿಯೆ, ಪ್ರತಿದಿನ ಅಂತ ಅರ್ಥ. ದಿನಕ್ಕೆ ಎರಡು ಸಲ ಅಂದರೆ ಬಿ.ಡಿ., ಮೂರು ಸಲ ಅಂದರೆ ಟಿ.ಡಿ.ಎಸ್., ಮಲಗುವಾಗ ಅಂದರೆ ಎಚ್.ಎಸ್. ಯಾವ ದೇಶದಲ್ಲೂ ಮನೆಮಾತಾಗಿ ಉಳಿಯದ ಒಂದು ಭಾಷೆಯ ಮೊದಲಕ್ಷರಗಳನ್ನು ಇಂಗ್ಲಿಷಿನವರು ಇಟ್ಟುಕೊಂಡರು, ಅವರಿಂದ ನಮ್ಮ ಡಾಕ್ಟರರಿಗೆ ಬಂತು, ಈಗ ಹಿರಿಯಡ್ಕದ ಅಡುಗೆಮನೆಯಲ್ಲಿ ದೀಪದ ಕೆಳಗೆ ನಿಂತು ಒಬ್ಬ ಹೆಂಗಸು ಅದನ್ನು ಬಿಡಿಸಿ ಓದಬೇಕಾಗಿದೆ.

ಬ್ಯಾಂಕಿನ ಓ.ಡಿ. ನನಗೆ ಅನ್ನ ಕೊಟ್ಟ ಓ.ಡಿ. ನಮ್ಮ ಕರಾವಳಿ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಒಂದೇ ವರ್ಷ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿದವು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಹಾಗಾಗಿ ಇಲ್ಲಿನ ಜವಳಿ ಅಂಗಡಿಯವರಿಗೆ, ಹೋಟೆಲಿನವರಿಗೆ, ಮಲ್ಪೆಯ ಬೋಟಿನವರಿಗೆ ಓ.ಡಿ. ಗೊತ್ತಿರುವ ಮಾತೇ. ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ, ಬ್ಯಾಂಕು ಒಪ್ಪಿದಷ್ಟು ತೆಗೆಯಬಹುದು, ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಆದರೆ ಕೂಲಿ ಮಾಡುವವರಿಗೆ, ಬೀಡಿ ಕಟ್ಟುವವರಿಗೆ ಇದು ಗೊತ್ತಿಲ್ಲ. ಜನಧನ್ ಖಾತೆ ಇದ್ದವರಿಗೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಸೌಲಭ್ಯ ಇದೆ. 2018ರ ತನಕ ಅದು 5,000 ಇತ್ತು. ಖಾತೆ ತೆರೆದು ಆರು ತಿಂಗಳು ಸರಿಯಾಗಿ ನಡೆಸಿರಬೇಕು. 2,000 ರೂಪಾಯಿವರೆಗೆ ಹೆಚ್ಚಿನ ಷರತ್ತೂ ಇಲ್ಲ. ಮಗುವಿನ ಶಾಲೆಯ ಫೀಸಿಗೆ ಅಂತ ಮೀಟರ್ ಬಡ್ಡಿಗೆ ಸಾಲ ತೆಗೆದ ಒಬ್ಬ ಹೆಂಗಸು ನಮ್ಮ ಕೌಂಟರಿಗೇ ಬರುತ್ತಿದ್ದಳು. ಅವಳ ಹತ್ತಿರ ಜನಧನ್ ಪಾಸ್‌ಬುಕ್ ಇತ್ತು. ಗೋಡೆಯ ಮೇಲೆ ಓ.ಡಿ. ಸೌಲಭ್ಯ ಅಂತ ಬೋರ್ಡೂ ಇತ್ತು. ಅದು ತನಗೆ ಅಂತ ಅವಳಿಗೆ ಅನಿಸಲೇ ಇಲ್ಲ. ‘ಖಾತೆಯಲ್ಲಿ ಹಣ ಇಲ್ಲದಿದ್ದರೂ ಇಷ್ಟು ಸಾಲ ಸಿಗುತ್ತದೆ’ ಅಂತ ಕನ್ನಡದಲ್ಲಿ ಬರೆದಿದ್ದರೆ ಓದಿ ಕೇಳುತ್ತಿದ್ದಳು. ಅವಳಿಗೆ ಕನ್ನಡ ಓದಲಿಕ್ಕೆ ಚೆನ್ನಾಗಿ ಬರುತ್ತಿತ್ತು.

ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಇನ್ನೊಂದು ಓ.ಡಿ. ಇದೆ, ಆನ್ ಡ್ಯೂಟಿ. ಕಾಲೇಜಿನ ಮಕ್ಕಳು ಆಟಕ್ಕೋ ಎನ್ನೆಸ್ಸೆಸ್ ಶಿಬಿರಕ್ಕೋ ಹೋದರೆ ಹಾಜರಿಯಲ್ಲಿ ಓ.ಡಿ. ಹಾಕುತ್ತಾರೆ. ಸರ್ಕಾರಿ ನೌಕರರಿಗೆ ಅದು ಓ.ಓ.ಡಿ. ಪೈಪಿನ ಅಂಗಡಿಯಲ್ಲಿ ಓ.ಡಿ. ಅಂದರೆ ಹೊರ ಅಳತೆ, ಐ.ಡಿ. ಅಂದರೆ ಒಳ ಅಳತೆ. ತೋಟಕ್ಕೆ ಹಾಕುವ ಪಿವಿಸಿ ಪೈಪಿನ 63 ಮಿ.ಮೀ., 90 ಮಿ.ಮೀ. ಎಲ್ಲ ಹೊರ ಅಳತೆಯೇ. ಇದು ಗೊತ್ತಿಲ್ಲದೆ ಒಳಗೆ ಟೇಪ್ ಹಿಡಿದು ಅಳೆದುಕೊಂಡು ಹೋದವರು ಪೇಟೆಗೆ ಎರಡು ಸಲ ತಿರುಗಬೇಕಾಗುತ್ತದೆ.

ಸಂಪಾದಕರೇ, ಇಲ್ಲಿ ಒಂದು ವಿಷಯ ನನ್ನನ್ನು ತುಂಬ ಹಿಡಿದು ನಿಲ್ಲಿಸಿತು. ಇದೇ ಓ, ಡಿ ಅಕ್ಷರಗಳು ಇಂಗ್ಲಿಷ್ ಪದಗಳ ಒಳಗೂ ಇವೆ. ಗ್ರೀಕ್ ಭಾಷೆಯಲ್ಲಿ ಹೊಡೊಸ್ ಅಂದರೆ ದಾರಿ. ಬಸ್ಸಿನ, ಬೈಕಿನ ಮೀಟರಿನಲ್ಲಿ ಓಡಿದ ಕಿಲೋಮೀಟರ್ ತೋರಿಸುತ್ತದಲ್ಲ, ಆ ಓಡೋಮೀಟರಿನ ಓಡೋ ಇದೇ ದಾರಿ. ಶಾಲೆಯ ಪೀರಿಯಡ್, ಲೆಕ್ಕದ ಮೆಥಡ್, ಧಾರಾವಾಹಿಯ ಎಪಿಸೋಡ್, ಮೂರರಲ್ಲೂ ಆ ದಾರಿ ಅಡಗಿದೆ. ಮೈಕೆಲ್ ಫ್ಯಾರಡೆ 1834ರಲ್ಲಿ ವಿದ್ಯುತ್ತಿನ ಪ್ರಯೋಗಕ್ಕೆ ಹೊಸ ಪದ ಬೇಕಾಗಿ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್ ಅವರನ್ನು ಕೇಳಿದರು. ಹಾಗೆ ಬಂದದ್ದು ಆನೋಡ್, ಕ್ಯಾಥೋಡ್. ಮೇಲೇರುವ ದಾರಿ, ಕೆಳಗಿಳಿಯುವ ದಾರಿ ಅಂತ ಅದರ ಅರ್ಥ. ಡಯೋಡ್ ಅಂದರೆ ಎರಡು ದಾರಿ. ಮನೆಯ ಎಲ್‌ಇಡಿ ಬಲ್ಬಿನ ಕೊನೆಯ ಡಿ ಅಂದರೆ ಡಯೋಡೇ. ಮೆಲೋಡಿ, ಟ್ರ್ಯಾಜಿಡಿ, ಕಾಮಿಡಿ ಪದಗಳ ಕೊನೆಯ ತುಂಡು ಮಾತ್ರ ಬೇರೆ, ಅಲ್ಲಿರುವುದು ಹಾಡು ಅನ್ನುವ ಗ್ರೀಕ್ ಪದ. ಮೇಣದ ಬತ್ತಿಯ ಪ್ಯಾರಾಫಿನ್ ಕಂಡುಹಿಡಿದ ಜರ್ಮನಿಯ ರೈಖೆನ್‌ಬಾಕ್ ಅವರು 1845ರ ಹೊತ್ತಿಗೆ ಎಲ್ಲ ವಸ್ತುಗಳಿಂದ ಹೊರಡುವ ಒಂದು ಶಕ್ತಿ ಇದೆ ಅಂದುಕೊಂಡು ಅದಕ್ಕೆ ಬರೇ ಓಡ್ ಅಂತಲೇ ಹೆಸರಿಟ್ಟರು. ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಓಡೋಮೀಟರ್ ನೋಡಿ ಯಾರೂ ಬಲಗಣ್ಣು ಅಂದುಕೊಳ್ಳುವುದಿಲ್ಲ. ಪೀರಿಯಡ್ ಅಂದಾಗ ಯಾರಿಗೂ ಸಾಲದ ನೆನಪಾಗುವುದಿಲ್ಲ. ಪದದ ಒಳಗೆ ಇದ್ದಾಗ ಅಕ್ಕಪಕ್ಕದ ಅಕ್ಷರಗಳು ಅರ್ಥ ಹೇಳಿಕೊಡುತ್ತವೆ. ಆ ಎರಡು ಅಕ್ಷರ ಒಂಟಿಯಾಗಿ ನಿಂತಾಗ ಮಾತ್ರ ಓದುವವನು ತನಗೆ ಗೊತ್ತಿದ್ದದ್ದನ್ನು ಅದಕ್ಕೆ ಹಚ್ಚುತ್ತಾನೆ. ಮೆಡಿಕಲ್‌ನವರು ದಿನಕ್ಕೊಂದು ಅಂದರು, ನಾನು ಓವರ್‌ಡ್ರಾಫ್ಟ್ ಅಂದುಕೊಂಡೆ, ಹುಡುಗನಿಗೆ ಓವರ್‌ಡೋಸ್ ಸಿಕ್ಕಿತು. ಬೇಕಾಗಿದ್ದದ್ದು ಬಲಗಣ್ಣು. ಅದೊಂದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಓ.ಡಿ. ಒಂದೇ ಅಲ್ಲ. ನಮ್ಮ ಪಕ್ಕದ ಮನೆಯವರು ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಹೆಂಡತಿಯ ಸೊಂಟನೋವಿಗೆ ಕೊಟ್ಟ ಮಾತ್ರೆಯ ಮುಂದೆ ಎಸ್.ಓ.ಎಸ್. ಅಂತ ಬರೆದಿತ್ತು. ಕಡಲಿಗೆ ಹೋಗುವವರಿಗೆ ಎಸ್.ಓ.ಎಸ್. ಅಂದರೆ ಪ್ರಾಣಾಪಾಯ, ಸಹಾಯಕ್ಕೆ ಬನ್ನಿ ಅಂತ. 1906ರಲ್ಲಿ ಬರ್ಲಿನ್‌ನಲ್ಲಿ ದೇಶಗಳೆಲ್ಲ ಸೇರಿ ಒಪ್ಪಿ, 1908ರಿಂದ ಜಾರಿಗೆ ಬಂದ ಸಂಕೇತ ಅದು. ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ. ಕಡಲಿನಲ್ಲಿ ಅದಕ್ಕೆ ಪೂರ್ಣ ರೂಪ ಅಂತ ಏನೂ ಇಲ್ಲ. ಮದ್ದಿನ ಚೀಟಿಯಲ್ಲಿ ಅದು ಬೇರೆಯೇ, ಲ್ಯಾಟಿನ್ನಿನ ‘ಬೇಕಾದರೆ ಮಾತ್ರ’ ಅನ್ನುವ ಮಾತಿನ ಮೊದಲಕ್ಷರಗಳು. ನೋವಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ, ಅಷ್ಟೇ. ಅವರು ಮಾತ್ರ ಇದು ಅರ್ಜೆಂಟಿನ ಮದ್ದು, ಬಿಡಲೇಬಾರದು ಅಂತ ಹೊತ್ತು ಹೊತ್ತಿಗೆ ಕೊಡುತ್ತಿದ್ದರು. ಇನ್ನು ಎ.ಸಿ. ಅಂದರೆ ಚೀಟಿಯಲ್ಲಿ ಊಟಕ್ಕೆ ಮೊದಲು. ಕುಂದಾಪುರದಲ್ಲಿ, ಪುತ್ತೂರಿನಲ್ಲಿ ಎ.ಸಿ. ಅಂದರೆ ಅಸಿಸ್ಟೆಂಟ್ ಕಮಿಷನರ್ ಅಂತ ಎಲ್ಲರಿಗೂ ಗೊತ್ತು.

ಇದು ಬರೇ ನಮ್ಮೂರಿನ ತೊಂದರೆ ಅಂತ ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ ಇಂಥಿಂಥ ಮೊಟಕು ಅಕ್ಷರ ಬರೆಯಲೇಬಾರದು ಅಂತ ಒಂದು ಪಟ್ಟಿ ಹೊರಡಿಸಿತು. ದಿನಕ್ಕೊಮ್ಮೆ ಅನ್ನಲಿಕ್ಕೆ ಅಲ್ಲಿ ಬರೆಯುತ್ತಿದ್ದ ಕ್ಯೂ.ಡಿ. ಆ ಪಟ್ಟಿಯಲ್ಲಿದೆ. ಇನ್ಸುಲಿನ್ ಅಳತೆಗೆ ಯೂನಿಟ್ ಅನ್ನುವುದರ ಬದಲು ಯು ಅಂತ ಬರೆಯುವುದೂ ಆ ಪಟ್ಟಿಯಲ್ಲಿದೆ. ಯಾಕೆಂದರೆ ಅವಸರದಲ್ಲಿ ಬರೆದ ಯು ಸೊನ್ನೆಯ ಹಾಗೆ ಕಂಡರೆ 10 ಯೂನಿಟ್ ಹೋಗಿ 100 ಆಗುತ್ತದೆ. ಅಲ್ಲಿ ಚೀಟಿ ಓದುವವರು ಕಲಿತ ನರ್ಸುಗಳು, ಫಾರ್ಮಸಿಸ್ಟುಗಳು. ಅವರಿಗೇ ಗೊಂದಲವಾಗುತ್ತದೆ ಅಂತ ನಿಯಮ ಮಾಡಿದರು. ನಮ್ಮಲ್ಲಿ ಅದೇ ಚೀಟಿಯನ್ನು ಮನೆಯಲ್ಲಿ ಓದುವವರು ಸೊಸೆ, ಮಗಳು, ಮೊಮ್ಮಗ.

ನಮ್ಮ ದೇಶದಲ್ಲೂ ನಿಯಮ ಇದೆ. ಮದ್ದಿನ ಹೆಸರನ್ನು ಓದಲಿಕ್ಕೆ ಬರುವ ಹಾಗೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ತಿದ್ದುಪಡಿ ತಂದಿತು. ಒಳ್ಳೆಯದೇ. ಆದರೆ ಅಕ್ಕನ ಚೀಟಿಯಲ್ಲಿ ಓ ಮತ್ತು ಡಿ ದೊಡ್ಡಕ್ಷರದಲ್ಲೇ ಇದ್ದವು, ದುಂಡಗೆ, ಚಂದಕ್ಕೆ. ಓದಲಿಕ್ಕೆ ಒಂದು ಚೂರೂ ಕಷ್ಟ ಇರಲಿಲ್ಲ.

ಮೊಟಕಾಗಿ ಬರೆಯುವುದೇ ತಪ್ಪು ಅಂತಲ್ಲ. ನಾವು ಕನ್ನಡದಲ್ಲೂ ಬರೆಯುತ್ತೇವೆ. ನಮ್ಮ ಪಕ್ಕದ ಜಿಲ್ಲೆಯೇ ದ.ಕ. ಜಿ.ಪಂ., ತಾ.ಪಂ., ಗ್ರಾ.ಪಂ. ಅಂತ ನಿಮ್ಮ ಪತ್ರಿಕೆಯಲ್ಲೇ ದಿನಾ ಓದುತ್ತೇವೆ, ಯಾರಿಗೂ ತೊಂದರೆ ಆಗಿಲ್ಲ. ಕನ್ನಡದಲ್ಲಿ ಮೊಟಕು ಮಾಡಿದಾಗ ಪದದ ಮೊದಲ ಸದ್ದು ಕಾಗುಣಿತದ ಸಮೇತ ಉಳಿಯುತ್ತದೆ, ‘ಗ್ರಾ’ ಅಂದ ಕೂಡಲೇ ಗ್ರಾಮ ಬಾಯಿಗೆ ಬರುತ್ತದೆ. ಇದರಲ್ಲೂ ಎಡವಟ್ಟು ಆಗುವುದುಂಟು. ಉ.ಕ. ಅಂದರೆ ಕೆಲವರು ಉತ್ತರ ಕನ್ನಡ ಅಂತ ಓದುತ್ತಾರೆ, ಕೆಲವರು ಉತ್ತರ ಕರ್ನಾಟಕ ಅಂತ. ಹಿಂದಿನವರು ಇದಕ್ಕೆ ದಾರಿ ಕಂಡುಕೊಂಡಿದ್ದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಹೊರಬಂದ ಕಿಟೆಲ್ ಅವರ ನಿಘಂಟು ತೆರೆದು ನೋಡಿ. ಒಳಗೆಲ್ಲ ಮೊಟಕು ಅಕ್ಷರಗಳೇ, ಆದರೆ ಯಾವುದು ಏನು ಅಂತ ತಿಳಿಸುವ ಪಟ್ಟಿಯನ್ನೂ ಕೊಟ್ಟಿದ್ದಾರೆ. ಅಷ್ಟು ಕಲಿತವರು ಮಾತ್ರ ಓದುವ ಪುಸ್ತಕಕ್ಕೇ ಪಟ್ಟಿ ಬೇಕಿತ್ತು. ಮದ್ದಿನ ಚೀಟಿಗೆ ಬೇಡವೇ?

ಡಾಕ್ಟರರಿಗೆ ಸಮಯ ಇಲ್ಲ, ನನಗೆ ಗೊತ್ತು. ಮಂಗಳೂರು, ಮಣಿಪಾಲಕ್ಕೆ ಕಾಸರಗೋಡಿನಿಂದ, ಶಿವಮೊಗ್ಗದಿಂದ, ಚಿಕ್ಕಮಗಳೂರಿನಿಂದ ಜನ ಬರುತ್ತಾರೆ, ಹೊರಗೆ ಸಾಲು ಕಾಯುತ್ತಿರುತ್ತದೆ. ದೇಶದ ಬೇರೆ ಬೇರೆ ಕಡೆಯಿಂದ ಬಂದ ಡಾಕ್ಟರರು ಇದ್ದಾರೆ, ಅವರಿಗೆ ಕನ್ನಡ ಬರೆಯಲಿಕ್ಕೆ ಬಾರದು. ಅವರ ಮೇಲೆ ಹೊರೆ ಹಾಕುವುದು ಬೇಡ. ಒಂದು ರಬ್ಬರ್ ಸ್ಟ್ಯಾಂಪ್ ಸಾಕು. ಮೇಲೆ ‘ಬಲಗಣ್ಣು, ಎಡಗಣ್ಣು, ಎರಡೂ’ ಅಂತ ಮೂರು ಪದ. ಕೆಳಗೆ ‘ದಿನಕ್ಕೆ ಇಷ್ಟು ಸಲ’ ಅಂತ ಖಾಲಿ ಜಾಗ. ಚೀಟಿ ಕೊಡುವಾಗ ನರ್ಸು ಸ್ಟ್ಯಾಂಪ್ ಒತ್ತಿ, ಒಂದು ಟಿಕ್ ಹಾಕಿ, ಒಂದು ಅಂಕಿ ಬರೆದರೆ ಮುಗಿಯಿತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಅಚ್ಚು ಹಾಕಿದ ಕಾಗದದ ಲಕೋಟೆಯಲ್ಲಿ ಮಾತ್ರೆ ಹಾಕಿ, ಟಿಕ್ ಮಾಡಿ ಕೊಡುವ ಮೆಡಿಕಲ್‌ಗಳು ನಮ್ಮಲ್ಲಿ ಇವೆ. ಅಂಥ ಲಕೋಟೆ ನಾನು ಎಷ್ಟೋ ಸಲ ತಂದಿದ್ದೇನೆ, ಒಂದು ಸಲವೂ ತಪ್ಪಿಲ್ಲ. 1-0-1 ಅಂತ ಬರೆಯುವ ಕ್ರಮವೂ ಒಳ್ಳೆಯದೇ, ಶಾಲೆಗೆ ಹೋಗದವರೂ ಅದನ್ನು ಬೆರಳಿನಲ್ಲಿ ತೋರಿಸಿ ಹೇಳುತ್ತಾರೆ.

ನಿಮ್ಮ ಪತ್ರಿಕೆಗೂ ಒಂದು ಕೇಳಿಕೆ ಇದೆ. ಇಂಗ್ಲಿಷಿನ ಮೊಟಕು ಅಕ್ಷರ ಬಂದಾಗ ಮೊದಲ ಸಲವಾದರೂ ಅದು ಏನು ಅಂತ ಕನ್ನಡದಲ್ಲಿ ಒಂದು ಸಾಲು ಕೊಡಿ. ಓ.ಡಿ. ಅನ್ನುವುದನ್ನು ಚುಕ್ಕಿ ಇಲ್ಲದೆ ಅಚ್ಚು ಹಾಕಿದರೆ ಕನ್ನಡದಲ್ಲಿ ಅದು ‘ಓಡಿ’ ಆಗಿಬಿಡುತ್ತದೆ, ಓದುವವರು ಎಲ್ಲಿಗೆ ಓಡಿದ್ದು ಅಂತ ಸಾಲನ್ನು ಎರಡೆರಡು ಸಲ ಓದಬೇಕಾಗುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಟದ್ದು ಇದೇ ಕರಾವಳಿಯಿಂದ. ವಾರಕ್ಕೊಮ್ಮೆ ನಾಲ್ಕು ಸಾಲಿನಲ್ಲಿ ಚೀಟಿಯ ಅಕ್ಷರ, ಬ್ಯಾಂಕಿನ ಅಕ್ಷರ, ಕಚೇರಿಯ ಅಕ್ಷರ ಬಿಡಿಸಿ ಹೇಳಿದರೆ ನನ್ನ ಅಕ್ಕನಂಥವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಆದರೆ ದಿನಾ ಪೇಪರ್ ಓದುತ್ತಾಳೆ, ಸಾವಿನ ಸುದ್ದಿಯಿಂದ ಶುರುಮಾಡಿ ಕೊನೆಯ ಪುಟದ ತನಕ.

ಎರಡನೇ ಸಲ ಹೋದಾಗ ಅಲ್ಲಿನ ನರ್ಸು ಚೀಟಿಯ ಹಿಂದೆ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ‘ಬಲಗಣ್ಣು. ನಾಲ್ಕು ಗಂಟೆಗೊಮ್ಮೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10.’ ಸೊಸೆ ಅದನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದಳು. ಕನ್ನಡಕ ಇಲ್ಲದೆಯೇ, ಎಡಗಣ್ಣಿನಲ್ಲಿ ಗೋಡೆಗೆ ಹತ್ತಿರ ಹೋಗಿ ಅಕ್ಕ ಅದನ್ನು ತಾನೇ ಓದಿಕೊಂಡಳು. ಆಮೇಲೆ ಯಾರೂ ನೆನಪು ಮಾಡಬೇಕಾಗಲಿಲ್ಲ. ‘ಗಂಟೆ ಎರಡಾಯಿತು, ಮದ್ದು ತಾ’ ಅಂತ ಒಳಗಿನಿಂದ ಅವಳೇ ಕರೆಯುತ್ತಿದ್ದಳು.

ಮುಂದಿನ ತಿಂಗಳು ಅಕ್ಕನ ಎಡಗಣ್ಣಿನ ಆಪರೇಶನ್ ಇದೆ. ಈ ಸಲ ಚೀಟಿಯಲ್ಲಿ ಓ.ಎಸ್. ಅಂತ ಬರೆಯುತ್ತಾರೆ. ಅಲ್ಲೇ ಕೌಂಟರಿನಲ್ಲಿ ನಿಂತು, ಕನ್ನಡದಲ್ಲಿ ಬರೆಸಿಕೊಂಡೇ ಬರುವುದು ಅಂತ ಸೊಸೆ ಈಗಲೇ ಹೇಳಿದ್ದಾಳೆ. ನಾನು ಒಂದು ಕೆಂಪು ಪೆನ್ನು ತೆಗೆದಿಟ್ಟಿದ್ದೇನೆ.

ಇಂತಿ,
ನಿವೃತ್ತ ಬ್ಯಾಂಕ್ ಉದ್ಯೋಗಿ,
ಉಡುಪಿ